ಎಡಕ್ಕೆ ಎಳೆಯುವ ಜೀಪು

ಇನ್ಶೂರೆನ್ಸ್ ಏಜೆಂಟ್ ಕುಶಾಲಪ್ಪನವರು ಕಾಗದವನ್ನು ಮೇಜಿನ ಮೇಲೆ ತಿರುಗಿಸಿಟ್ಟು, ಸಹಿ ಹಾಕಬೇಕಾದ ಜಾಗಕ್ಕೆ ಬೆರಳು ತೋರಿಸಿದರು. ದೇರಪ್ಪ ಪೆನ್ನು ಹಿಡಿದುಕೊಂಡ. ಹಿಡಿದುಕೊಂಡವನು ಹಾಗೆಯೇ ಕೂತುಬಿಟ್ಟ. ಮಡಿಕೇರಿಯ ಆ ಇಕ್ಕಟ್ಟಾದ ಕಚೇರಿಯಲ್ಲಿ ಇಬ್ಬರು ಕೂರುವಷ್ಟೇ ಜಾಗ. ಕಿಟಕಿಯಾಚೆ ಮಂಜು ಬೀದಿಯನ್ನು ಒಮ್ಮೆ ನುಂಗಿ ಒಮ್ಮೆ ಉಗುಳುತ್ತಿತ್ತು.

"ಇದಕ್ಕೆ ಸಹಿ ಹಾಕಿದ್ರೆ ಎಲ್ಲ ಮುಗೀತಾ?" ಎಂದು ಕೇಳಿದ.

"ಮುಗೀತು. ಕಂಪೆನಿ ಕೊಡೋದು ಕೊಟ್ಟಾಯ್ತು, ನೀವು ತಗೊಳ್ಳೋದು ತಗೊಂಡಾಯ್ತು. ಆಮೇಲೆ ಈ ಆಕ್ಸಿಡೆಂಟಿನ ವಿಷಯ ಅವ್ರೂ ಎತ್ತೋ ಹಾಗಿಲ್ಲ, ನೀವೂ ಎತ್ತೋ ಹಾಗಿಲ್ಲ."

ದೇರಪ್ಪನನ್ನು ಹೆದರಿಸಿದ್ದು ಆ ಮಾತೇ. ಪೆನ್ನನ್ನು ಕೆಳಗಿಟ್ಟ. "ಹಾಗಾದ್ರೆ ಬೇಡ ಮಾರಾಯ್ರೆ. ಗಾಡಿ ಇನ್ನೂ ಸರಿ ಆಗ್ಲಿಲ್ಲ."

ಕುಶಾಲಪ್ಪನವರು ಕನ್ನಡಕ ತೆಗೆದು ಅವನ ಮುಖ ನೋಡಿದರು. ವರ್ಕ್‌ಶಾಪಿನವರು ಹೇಳಿದ್ದರ ಅರ್ಧವನ್ನೂ ಇನ್ಶೂರೆನ್ಸ್ ಕಂಪೆನಿ ಮಂಜೂರು ಮಾಡಿರಲಿಲ್ಲ. ರೇಡಿಯೇಟರು, ಮಡ್‌ಗಾರ್ಡು, ಮುಂದಿನ ಸ್ಪ್ರಿಂಗು ಇಷ್ಟಕ್ಕೆ ಒಪ್ಪಿದ್ದರು. ಗಾಡಿಯ ಬೆನ್ನೆಲುಬಿನಂಥ ಚಾಸಿಸ್ಸನ್ನು ಬದಲಿಸಬೇಕೆಂಬ ಮಾತನ್ನು ಮಾತ್ರ, ಅದಕ್ಕೇನೂ ಆಗಿಲ್ಲ ಎಂದು ಹೊಡೆದುಹಾಕಿದ್ದರು. ಆ ಹಣ ಸಾಲದು ಎಂಬ ಜಗಳ ಎಲ್ಲ ಗಾಡಿ ಯಜಮಾನರದೂ ಹೌದು. ಕುಶಾಲಪ್ಪನವರಿಗೆ ಅದು ಹೊಸದಲ್ಲ.

"ಸರಿ ಆಗ್ಲಿಲ್ಲ ಅಂದ್ರೆ ಏನು? ಏನಾಗ್ತದೆ?"

"ಇಳಿಜಾರಲ್ಲಿ ಎಡಕ್ಕೆ ಎಳೀತದೆ."

"ಮೆಕ್ಯಾನಿಕ್ ಬೋಜ ಅದನ್ನ ಊರೆಲ್ಲ ಓಡ್ಸಿದ್ನಲ್ಲ. ಅವನಿಗೆ ಎಳೀಲಿಲ್ವಂತಲ್ಲ?"

ದೇರಪ್ಪ ತಲೆಬಾಗಿ ಎದ್ದು ಹೊರಗೆ ಬಂದ. ಬಂದವನು ಮದೆನಾಡಿನ ತನ್ನ ಮನೆಗೆ ನಡೆದುಕೊಂಡೇ ಹೋದ. ಜೀಪು ಮನೆಯ ಕೊಟ್ಟಿಗೆಯಲ್ಲಿ ನಿಂತಿತ್ತು.

ಅಪಘಾತ ಆದದ್ದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷ ತುಂಬುವ ಮೊದಲು, ಮಳೆಗಾಲದ ಕೊನೆಯಲ್ಲಿ. ದೇರಪ್ಪ ಮತ್ತು ಅವನ ಹೆಂಡತಿಯ ಅಣ್ಣ ಮೊಣ್ಣಪ್ಪ ಕೂಡಿ ಕೊಂಡಿದ್ದ ಜೀಪು ಅದು. ಮೊಣ್ಣಪ್ಪ ಏಲಕ್ಕಿ ಮಾರಿದ ಹಣ ಹಾಕಿದ್ದ. ದೇರಪ್ಪ ತನ್ನ ಪಾಲಿನ ಹಣದ ಜೊತೆಗೆ ಓಡಿಸುವ ಕೈಯನ್ನೂ ಹಾಕಿದ್ದ. ಮಡಿಕೇರಿಯಿಂದ ಘಾಟಿ ಇಳಿದು ಸಂಪಾಜೆಗೆ, ಸಂಪಾಜೆಯಿಂದ ಮತ್ತೆ ಮೇಲಕ್ಕೆ ಜನರನ್ನೂ ಮೂಟೆಗಳನ್ನೂ ಸಾಗಿಸುವುದು ಅವನ ಕೆಲಸ. ಆ ದಿನ ಮದುವೆಗೆ ಹೊರಟಿದ್ದ ಒಂದು ಮನೆಯವರು ಹಿಂದೆ ಕೂತಿದ್ದರು. ಘಾಟಿಯಲ್ಲಿ ಜೋಡುಪಾಲ ಊರಿಗಿಂತ ಮೇಲಿನ ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ರಸ್ತೆ ತುಂಬ ಬಂತು. ದೇರಪ್ಪ ಎಡಕ್ಕೆ ಸರಿದ. ಮಳೆಗೆ ನೆನೆದಿದ್ದ ರಸ್ತೆಯಂಚು ಅವನ ಎಡಗಾಲಿಯ ಕೆಳಗೆ ನೆನೆದ ಅವಲಕ್ಕಿಯ ಹಾಗೆ ಕುಸಿಯಿತು. ಜೀಪು ಜಾರಿತು, ಬಂಡೆಗೆ ಬಡಿಯಿತು, ಒಂದು ನಂದಿ ಮರಕ್ಕೆ ಒರಗಿ ನಿಂತಿತು. ಮರದಾಚೆ ಏನೂ ಇರಲಿಲ್ಲ. ಕೆಳಗೆಲ್ಲೋ ನೀರಿನ ಸದ್ದು ಮಾತ್ರ ಇತ್ತು.

ಯಾರಿಗೂ ಹೆಚ್ಚಿನ ಪೆಟ್ಟಾಗಲಿಲ್ಲ. ಆದರೆ ಹಿಂದಿದ್ದವರು ಒಬ್ಬೊಬ್ಬರಾಗಿ ಇಳಿಯಬೇಕಾಗಿತ್ತು, ಒಬ್ಬೊಬ್ಬರು ಇಳಿದಾಗಲೂ ಜೀಪು ಹಂದಾಡುತ್ತಿತ್ತು. ಹೆಂಗಸೊಬ್ಬಳು ಮಡಿಲ ಕೂಸನ್ನು ಮೇಲೆ ನಿಂತವರ ಕೈಗೆ ಚಾಚುವಾಗ ಮರದ ಬೇರು ಕರಕರ ಎಂದದ್ದು ಎಲ್ಲರಿಗೂ ಕೇಳಿಸಿತು. ಅಷ್ಟು ಹೊತ್ತೂ ದೇರಪ್ಪ ಬ್ರೇಕನ್ನು ಕಾಲಿನಲ್ಲಿ ಒತ್ತಿಹಿಡಿದು, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಲಕ್ಕೆ ಎಳೆದುಕೊಂಡು ಕೂತಿದ್ದ. ಎಳೆದು ಪ್ರಯೋಜನವಿಲ್ಲ ಎಂದು ಗೊತ್ತಿತ್ತು. ಬಿಡಲು ಮಾತ್ರ ಆಗಲಿಲ್ಲ. ಕೊನೆಗೆ ಬಸ್ಸಿನ ಡ್ರೈವರು ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಜೀಪು ರಿಪೇರಿಯಾಗಿ ಬಂದ ಮೇಲೆ ಅವನು ಮೊದಲಿನ ಹಾಗೆಯೇ ಜನ ಹತ್ತಿಸಿಕೊಂಡು ಹೊರಟ. ಘಾಟಿಯ ಎರಡನೆಯ ತಿರುವಿನಲ್ಲಿ ಬ್ರೇಕು ಒತ್ತಿದಾಗ, ಯಾರೋ ಎಡತೋಳು ಹಿಡಿದು 'ಬಾ' ಎಂದು ಕರೆದ ಹಾಗಾಯಿತು. ಸಣ್ಣ ಸೆಳೆತ. ಅವನ ಮೈಯೆಲ್ಲ ಬೆವರಿತು. ಹಿಂದೆ ಕೂತವರು ಹರಟುತ್ತಲೇ ಇದ್ದರು. ಅವರಿಗೆ ಏನೂ ತಿಳಿಯಲಿಲ್ಲ. ಮುಂದಿನ ಸಲವೂ ಹಾಗೆಯೇ ಆಯಿತು. ಅದರ ಮುಂದಿನ ಸಲ ಆಗಲಿಲ್ಲ. ಬೋಜನನ್ನು ಕರೆತಂದು ಓಡಿಸಲು ಹೇಳಿದ. ಬೋಜ ಖಾಲಿ ಗಾಡಿಯನ್ನು ಮಡಿಕೇರಿಯ ರಸ್ತೆಯಲ್ಲಿ ಸ್ಟೇರಿಂಗಿನಿಂದ ಕೈಬಿಟ್ಟು ಓಡಿಸಿ ತೋರಿಸಿದ. "ನೂಲು ಹಿಡಿದ ಹಾಗೆ ಹೋಗ್ತದೆ, ಅಣ್ಣ. ಸುಮ್ನೆ ತಲೆಗೆ ಹಚ್ಕೋಬೇಡಿ" ಎಂದ.

ಅಲ್ಲಿಂದ ದೇರಪ್ಪನಿಗೆ ಎರಡು ಹೆದರಿಕೆ. ಗಾಡಿ ಎಳೆಯುತ್ತಿದ್ದರೆ ಅದು ಒಂದು ದಿನ ಜನರ ಸಮೇತ ಕೆಳಗೆ ಹೋಗುತ್ತದೆ. ಗಾಡಿ ಎಳೆಯುತ್ತಿಲ್ಲವಾದರೆ ತನ್ನ ಕೈಯೇ ಅದನ್ನು ಎಡಕ್ಕೆ ತಿರುಗಿಸುತ್ತಿದೆ. ಯಾವುದು ಹೆಚ್ಚು ಭಯದ್ದು ಎಂದು ಅವನಿಗೆ ತೀರ್ಮಾನಿಸಲಾಗಲಿಲ್ಲ. ಬ್ಯಾಟರಿ ಇಳಿದಿದೆ, ಟಯರು ಸವೆದಿದೆ, ಮೈ ಸರಿಯಿಲ್ಲ ಎಂದು ಒಂದೊಂದು ದಿನ ಒಂದೊಂದು ನೆಪ ಹೇಳಿ ಜೀಪನ್ನು ಕೊಟ್ಟಿಗೆಯಿಂದ ತೆಗೆಯುವುದನ್ನೇ ಬಿಟ್ಟ.

ಸಹಿ ಹಾಕದೆ ಬಂದ ದಿನ ಅವನ ಹೆಂಡತಿ ಯಮುನ ಒಲೆಯ ಮುಂದೆ ಕಡುಬಿನ ಹಿಟ್ಟು ಬೇಯಿಸುತ್ತಿದ್ದಳು. ಅವನು ಕಾಲು ತೊಳೆದು ಒಳಗೆ ಬಂದ ಮೇಲೆ, ಜೀಪು ಇದ್ದೂ ನಡೆದದ್ದೇಕೆಂದು ಮನೆಮಾತಾದ ಅರೆಭಾಷೆಯಲ್ಲಿ ಕೇಳಿದಳು.

"ಜೀಪ್ ಉಟ್ಟಲ್ಲ? ಪೇಟೆಗೆ ನಡ್ಕಂಡ್ ಹೋದ್ದ್ಯಾಕೆ?"

"ಸುಮ್ನೆ."

"ಸುಮ್ನೆ ಅಲ್ಲ. ಎಂತ ಆತ್ ಹೇಳಿ."

ಅವನು ಗೋಡೆಗೆ ಒರಗಿ ಕೂತ. ತನ್ನ ಅಂಗೈಗಳನ್ನೇ ನೋಡಿಕೊಂಡ. "ನಂಗೆ ಗೊತ್ಲೆ ಯಮುನ. ಎಳಿಯುದು ಗಾಡಿನೋ, ನನ್ನ ಕೈಯೋ, ಗೊತ್ಲೆ."

ಅವಳು ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟಳು. ಊರಿನವರು ಆಡುವ ಮಾತು ಅವಳ ಕಿವಿಗೂ ಬಿದ್ದಿತ್ತು. ದೇರಪ್ಪ ಹಣಕ್ಕಾಗಿ ಹಟ ಹಿಡಿದಿದ್ದಾನೆ, ಕಂಪೆನಿಯಿಂದ ಹೊಸ ಜೀಪನ್ನೇ ಕೀಳಲು ನೋಡುತ್ತಿದ್ದಾನೆ ಎಂದು ಹೊಳೆಯ ಹತ್ತಿರ ಬಟ್ಟೆ ಒಗೆಯುವವರೂ ಮಾತಾಡುತ್ತಿದ್ದರು. ಅವಳೂ ಒಳಗೊಳಗೆ ಹಾಗೆಯೇ ಅಂದುಕೊಂಡಿದ್ದಳು.

"ಅದನ್ನೇ ಕಂಪೆನಿಯವ್ಕೆ ಹೇಳಿ" ಎಂದಳು.

"ಹೇಳಿರೆ? ಡ್ರೈವರ್ ಹೆದ್ರಿದವ, ಗಾಡಿ ಸರಿ ಉಟ್ಟು ಅಂತ ಬರ್ದ್ ಬುಟ್ರೆ? ಆಮೇಲೆ ನನ್ನ ಜೀಪಿಗೆ ಯಾರ್ ಹತ್ತುವೆ?"

ಅವಳು ಸೌಟನ್ನು ಮತ್ತೆ ಕೈಗೆ ತೆಗೆದುಕೊಂಡು, ಹಿಟ್ಟನ್ನು ಮಗುಚುತ್ತ, ಅವನ ಕಡೆ ತಿರುಗದೆಯೇ ಅಂದಳು: "ಯಾವ್ದೂಂತ ಗೊತ್ತಾಗುವವರೆಗೆ ಯಾರ್ನೂ ಹತ್ತಿಸ್ಬೇಡಿ. ಅಷ್ಟೆ ನಾ ಹೇಳುದು."

ಮೊಣ್ಣಪ್ಪ ಅಷ್ಟು ಸುಲಭಕ್ಕೆ ಬಿಡುವವನಲ್ಲ. ದಪ್ಪ ಮೀಸೆಯ, ದೊಡ್ಡ ಗಂಟಲಿನ ಮನುಷ್ಯ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಕೋಳಿಗಳು ಜೀಪಿನ ಬಾನೆಟ್ಟಿನ ಮೇಲೆ ಹಿಕ್ಕೆ ಹಾಕಿದ್ದನ್ನು ನೋಡಿದ.

"ಬಾವ, ಕೊಟ್ಟಿಗೆಲಿ ಕಟ್ಟಿಹಾಕಿರೆ ಜೀಪ್ ಕರು ಹಾಕುದಿಲ್ಲೆ. ಕೊಟ್ಟಷ್ಟ್ ತಕಂಡ್ ಸಹಿ ಹಾಕ್."

"ಇನ್ನೊಂದ್ ಸಲ ನೋಡ್ಲಿ ಅಂತ ಏಜೆಂಟ್ರ ಕೈಲಿ ಕಂಪೆನಿಗೆ ಬರ್ಸಿಯೊಳೆ."

"ಬರ್ಸ್, ಬರ್ಸ್. ನೀ ಓಡ್ಸುದಿಲ್ಲೆ ಅಂದ್ರೆ ನಾ ಬೇರೆ ಡ್ರೈವರನ ನೋಡ್ನೆ. ನನ್ನದೂ ಪಾಲ್ ಉಟ್ಟು ಇದ್ರಲಿ."

ಈ ಮಾತು ದೇರಪ್ಪನ ತಲೆಯಿಂದ ಹೋಗಲಿಲ್ಲ. ತಾನು ಹೆದರಿ ಬಿಟ್ಟ ಸ್ಟೇರಿಂಗನ್ನು ಏನೂ ತಿಳಿಯದ ಇನ್ನೊಬ್ಬ ಹಿಡಿಯುತ್ತಾನೆ. ಅವನ ಬೆನ್ನ ಹಿಂದೆ ಜನ ಹರಟುತ್ತ ಕೂತಿರುತ್ತಾರೆ. ಮಲಗಿದರೆ ಅದೇ ಕಣ್ಣಿಗೆ ಕಟ್ಟುತ್ತಿತ್ತು. ಬೆಳಿಗ್ಗೆ ಎದ್ದವನು ಕೊಟ್ಟಿಗೆಗೆ ಹೋಗಿ ಜೀಪಿನ ಕೀಲಿಕೈ ತಂದು ತನ್ನ ಸೊಂಟದ ಪಟ್ಟಿಗೆ ಕಟ್ಟಿಕೊಂಡ.

ಕಂಪೆನಿಯ ಉತ್ತರ ಬಂದಾಗ ಎಸ್ಟೇಟುಗಳಲ್ಲಿ ಕಾಫಿ ಹಣ್ಣು ಕೀಳುವ ಪಿಕಿಂಗ್ ಶುರುವಾಗಿತ್ತು. ಗಾಡಿಯ ನಷ್ಟ ಅಂದಾಜು ಮಾಡುವ ಸರ್ವೇಯರು ಇನ್ನೊಮ್ಮೆ ಬಂದು ನೋಡುತ್ತಾರೆ. ದೋಷ ಕಾಣದಿದ್ದರೆ ಮೊದಲು ಹೇಳಿದ್ದೇ ಕೊನೆ. ಅದನ್ನೂ ಒಪ್ಪದಿದ್ದರೆ ಕಡತ ಮುಚ್ಚಲಾಗುತ್ತದೆ. ಕುಶಾಲಪ್ಪನವರು ಅದನ್ನು ಓದಿ ಹೇಳಿ, "ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ, ದೇರಪ್ಪ" ಎಂದರು.

ಸರ್ವೇಯರ್ ಸಣ್ಣಸ್ವಾಮಿ ಮೈಸೂರಿನಿಂದ ಬಸ್ಸಿನಲ್ಲಿ ಬಂದರು. ಮೊದಲ ಸಲ ಜೀಪನ್ನು ನೋಡಿ ಹೋದವರೂ ಅವರೇ. ತೆಳ್ಳಗಿನ ಆಸಾಮಿ. ಮಡಿಕೇರಿಯ ಚಳಿಗೆ ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚುವ ಹಾಗೆ ಎಳೆದುಕೊಂಡಿದ್ದರು. ತಾವು ಬರೆದದ್ದನ್ನೇ ಪ್ರಶ್ನಿಸಿದ್ದಾರೆ ಎಂಬ ಸಿಟ್ಟು ಅವರ ಮುಖದಲ್ಲಿ ಇರಬಹುದೆಂದು ದೇರಪ್ಪ ಹುಡುಕಿದ, ಕಾಣಲಿಲ್ಲ. ಅವರು ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಜೀಪಿನ ಕೆಳಗೆ ಮಲಗಿದರು. ಟಾರ್ಚು ಬಿಟ್ಟು ನೋಡಿದರು. ಸುತ್ತಿಗೆಯಿಂದ ಅಲ್ಲಲ್ಲಿ ಬಡಿದು ಕಿವಿಗೊಟ್ಟು ಕೇಳಿದರು. ಎದ್ದು ಬಂದು, ತಾವೇ ಜೀಪನ್ನು ಮಡಿಕೇರಿಯ ಕಡೆ ಒಂದಷ್ಟು ದೂರ ಓಡಿಸಿ ತಂದು ನಿಲ್ಲಿಸಿದರು.

"ಎಳೆಯೋದಿಲ್ಲ ದೇರಪ್ಪನವರೇ."

ಮೊಣ್ಣಪ್ಪ ಜಗಲಿಯ ಮೇಲಿಂದ ಗಟ್ಟಿಯಾಗಿ ಉಸಿರು ಬಿಟ್ಟ. ಸಣ್ಣಸ್ವಾಮಿ ಕೈಯ ಧೂಳು ಕೊಡವಿಕೊಂಡು ಹತ್ತಿರ ಬಂದರು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮಗೆ ಸರಿಯಾಗಿ ನಿದ್ದೆ ಬರುತ್ತಾ?"

ದೇರಪ್ಪನಿಗೆ ಎಲ್ಲರೆದುರು ಅಂಗಿ ಬಿಚ್ಚಿಸಿದ ಹಾಗಾಯಿತು. ಮೊಣ್ಣಪ್ಪ ನೋಡುತ್ತಿದ್ದ. ಒಳಬಾಗಿಲಲ್ಲಿ ಯಮುನಳ ಸೆರಗು ಕಾಣುತ್ತಿತ್ತು.

"ಬಿದ್ದು ಬದುಕಿದವರನ್ನ ಎಷ್ಟೋ ಜನರನ್ನ ನೋಡಿದ್ದೀನಿ" ಎಂದು ಸಣ್ಣಸ್ವಾಮಿ ಮೆಲ್ಲಗೆ ಹೇಳಿದರು. "ಗಾಡಿ ನೆಟ್ಟಗಿರುತ್ತೆ. ಅವರಿಗೆ ಮಾತ್ರ ರಸ್ತೇನೇ ಓರೆ ಕಾಣುತ್ತೆ. ಅದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ. ಆದ್ರೆ ಅದಕ್ಕೆ ಕಂಪೆನಿ ಚಾಸಿಸ್ ಕೊಡೋದಿಲ್ಲ."

"ಇರಬಹುದು ಸಾರ್" ಎಂದ ದೇರಪ್ಪ. "ನೀವು ಹೇಳಿದ ಹಾಗೇ ಇರಬಹುದು. ಆದ್ರೆ ಎಳೀತದೆ ಅಂತ ಅನ್ಸಿದ್ದೆಲ್ಲ ಭಾರ ಇದ್ದಾಗ, ಘಾಟಿ ಇಳಿಯುವಾಗ. ಖಾಲಿ ಗಾಡೀಲಿ ಯಾವತ್ತೂ ಅನ್ಸಲಿಲ್ಲ. ಒಂದ್ಸಲ ಭಾರ ಹಾಕ್ಕೊಂಡು ಇಳಿದು ನೋಡುವ. ಏನೂ ಆಗ್ಲಿಲ್ಲ ಅಂದ್ರೆ ನೀವು ತೋರ್ಸಿದ ಕಡೆ ಸಹಿ ಹಾಕ್ತೇನೆ."

ಮಾತು ಬಾಯಿಂದ ಹೊರಟ ಮೇಲೆ ತಾನು ಕೇಳಿದ್ದೇನೆಂದು ಅವನಿಗೆ ಅರಿವಾಯಿತು. ಸಣ್ಣಸ್ವಾಮಿ ಗಡಿಯಾರ ನೋಡಿಕೊಂಡರು. "ಆಗಲಿ. ನೀವೇ ಓಡಿಸಿ. ನಾನು ಪಕ್ಕದಲ್ಲಿ ಕೂತು ಗಾಡೀನೂ ನೋಡ್ತೀನಿ, ನಿಮ್ಮ ಕೈಯನ್ನೂ ನೋಡ್ತೀನಿ."

ಮರಳು ತುಂಬಿದ ಗೋಣಿಗಳನ್ನು ಹಿಂದೆ ಪೇರಿಸಿದರು. ಕೊನೆಯ ಚೀಲ ಹಾಕಿದ ಮೇಲೆ ಮೊಣ್ಣಪ್ಪ ಪಂಚೆ ಎತ್ತಿಕಟ್ಟಿ ತಾನೂ ಅದರ ಮೇಲೆ ಹತ್ತಿ ಕೂತ. ದೇರಪ್ಪ ಓಡಿಹೋಗಿ, ಬೇಡವೆಂದು ಅವನ ತೋಳು ಹಿಡಿದ.

"ಬೊತ್ತ್ ಬಾವ. ಇಳಿ."

"ಎಂತಕೆ? ಏನೂ ಆಗುದಿಲ್ಲೆ ಅಂತ ಸಾಹೇಬ್ರೇ ಹೇಳ್ದೊಲ್ಲ?"

"ಇಳಿ ಬಾವ. ಕಾಲ್ ಹಿಡಿತೆ."

ಮೊಣ್ಣಪ್ಪ ಏನೋ ಹೇಳಲು ಬಾಯಿ ತೆರೆದವನು ಅವನ ಮುಖ ನೋಡಿ ಮುಚ್ಚಿದ. ಇಳಿದು ಪಕ್ಕಕ್ಕೆ ನಿಂತ.

ಮದೆನಾಡು ದಾಟಿ ರಸ್ತೆ ಕೆಳಮುಖವಾಯಿತು. ಬಲಗಡೆ ಗುಡ್ಡ ಕಡಿದ ಮಣ್ಣುಗೋಡೆಯ ಬರೆ, ಅದರ ಮೇಲೆ ಕಾಡು. ಎಡಗಡೆ ಸಣ್ಣಸ್ವಾಮಿ, ಅವರಾಚೆ ಮರಗಳ ತಲೆಗಳು. ದೇರಪ್ಪ ಎರಡನೇ ಗೇರಿನಲ್ಲಿಟ್ಟು ಆಮೆಯ ಹಾಗೆ ಇಳಿಸಿದ. ಮೊದಲ ತಿರುವಿನಲ್ಲಿ ಏನೂ ಆಗಲಿಲ್ಲ. ಎರಡನೆಯದರಲ್ಲಿ ಬ್ರೇಕಿಗೆ ಕಾಲಿಟ್ಟ ಕೂಡಲೇ ತೋಳಿಗೆ ಅದೇ ಕರೆ ಬಂತು.

"ನೋಡಿ! ನೋಡಿದ್ರಾ?"

"ನನಗೇನೂ ಗೊತ್ತಾಗ್ಲಿಲ್ಲ. ನಿಮ್ಮ ಎಡಗೈ ಕೆಳಗೆ ಬಂತು. ಗಾಡಿ ಅದಕ್ಕೇ ತಿರುಗಿತು."

ದೇರಪ್ಪ ತನ್ನ ಕೈಯನ್ನು ನೋಡಿದ. ಗಂಟು ಬಿಳುಚಿಕೊಂಡಿದ್ದ ಆ ಬೆರಳುಗಳು ಬೇರೆ ಯಾರದೋ ಎಂಬಂತಿದ್ದವು. ಇನ್ನೊಂದು ತಿರುವು. ಮತ್ತೆ ಸೆಳೆತ. ಸಣ್ಣಸ್ವಾಮಿ ತಲೆಯನ್ನು ಸಣ್ಣಗೆ ಆಡಿಸಿದರು. ಆ ತಲೆ ಆಡಿಸಿದ್ದು ಕಂಡು ದೇರಪ್ಪ ಗಾಡಿಯನ್ನು ಬರೆಯ ಪಕ್ಕಕ್ಕೆ ತಂದು ನಿಲ್ಲಿಸಿಬಿಟ್ಟ.

"ನನ್ನಿಂದ ಆಗುದಿಲ್ಲ ಸಾರ್."

"ಸರಿ, ಈ ಕಡೆ ಬನ್ನಿ. ನಾನು ಓಡಿಸ್ತೀನಿ."

ಜಾಗ ಬದಲಾಯಿಸಿಕೊಂಡರು. ಈಗ ಪ್ರಪಾತದ ಪಕ್ಕ ದೇರಪ್ಪ. ಓಡಿಸುವವನಿಗೆ ಕೊನೇಪಕ್ಷ ಹಿಡಿದುಕೊಳ್ಳಲು ಚಕ್ರವಿರುತ್ತದೆ. ಅವನಿಗೆ ಅದೂ ಇರಲಿಲ್ಲ. ಜೀಪಿನ ಕಬ್ಬಿಣದ ಅಂಚನ್ನು ಹಿಡಿದು, ಕಣ್ಣು ಮುಚ್ಚಬೇಕೆಂದುಕೊಂಡರೂ ಮುಚ್ಚಲಾಗದೆ, ಕೆಳಗೆ ನೋಡಬಾರದೆಂದುಕೊಂಡರೂ ನೋಡುತ್ತ ಕೂತ. ಸಣ್ಣಸ್ವಾಮಿ ನುರಿತವರು. ಒಂದು ತಿರುವು ಕಳೆಯಿತು. ಇನ್ನೊಂದು. ಜೀಪು ಸಾಧು ಎತ್ತಿನ ಹಾಗೆ ಇಳಿಯುತ್ತಿತ್ತು.

ಆಗ ದೇರಪ್ಪನಿಗೆ ತನ್ನ ಮನಸ್ಸಿನೊಳಗೆ ನಡೆಯುತ್ತಿದ್ದದ್ದು ಕಂಡು ಮೈ ಜುಮ್ಮೆಂದಿತು. ಎಳೆ, ಎಳೆ, ಒಂದು ಸಲ ಎಳೆ ಎಂದು ಅವನು ಜೀಪನ್ನು ಬೇಡಿಕೊಳ್ಳುತ್ತಿದ್ದ. ಎಳೆದರೆ ತಾನು ಹುಚ್ಚನಲ್ಲ. ಎಳೆದರೆ ಆ ಮರಗಳ ತಲೆಯ ಮೇಲೆ ಮೊದಲು ಬೀಳುವವನೂ ತಾನೇ. ಪಕ್ಕದಲ್ಲಿರುವ ಈ ಒಳ್ಳೆಯ ಮನುಷ್ಯನಿಗೂ ಮೈಸೂರಿನಲ್ಲಿ ಕಾಯುವವರು ಇರಬಹುದು. ಕಾವೇರಮ್ಮಾ, ಎಂಥ ಆಸೆ ಹುಟ್ಟಿಸಿದೆ ನನ್ನೊಳಗೆ ಎಂದು ತುಟಿ ಕಚ್ಚಿದ. ಆದರೂ ಮುಂದಿನ ತಿರುವು ಬಂದಾಗ ಮನಸ್ಸು ಮತ್ತೆ ಅದನ್ನೇ ಬೇಡಿತು.

"ನೋಡಿ" ಎಂದರು ಸಣ್ಣಸ್ವಾಮಿ. ಅವರ ದನಿಯಲ್ಲಿ ಗೆದ್ದ ಹಿಗ್ಗು ಇರಲಿಲ್ಲ, ಕನಿಕರವಿತ್ತು. "ಇನ್ನೂ ಸ್ವಲ್ಪ ವೇಗ ಕೊಡ್ತೀನಿ. ನಿಮ್ಮ ಸಮಾಧಾನಕ್ಕೆ."

ತಿರುವು ಕಳೆದದ್ದೇ, ತಲೆಯ ಮೇಲೆ ಸೌದೆ ಹೊರೆ ಹೊತ್ತ ಇಬ್ಬರು ಹೆಂಗಸರು ರಸ್ತೆಯ ನಡುವೆ ಇದ್ದರು.

ಸಣ್ಣಸ್ವಾಮಿ ಬ್ರೇಕನ್ನು ತುಳಿದರು. ಕೆಳಗೆ ಎಲ್ಲೋ ಠಪ್ಪೆಂದು ಸದ್ದಾಯಿತು. ಜೀಪು ತಲೆ ಕೊಡವಿ ಎಡಕ್ಕೆ ನುಗ್ಗಿತು. ಹೊರೆಗಳು ನೆಲಕ್ಕೆ ಬಿದ್ದವು. ಹೆಂಗಸರು ಬರೆಯ ಕಡೆ ಹಾರಿದರು. "ಬರ್ತಿಲ್ಲ! ಬಲಕ್ಕೆ ಬರ್ತಿಲ್ಲ!" ಎಂದು ಸಣ್ಣಸ್ವಾಮಿ ಕೂಗುತ್ತಿದ್ದರು. ದೇರಪ್ಪನ ಎದುರಿಗೆ ರಸ್ತೆ ಮುಗಿದು ಬರೀ ಬೆಳಕು ಕಾಣಿಸಿತು. ಅವನು ಅಡ್ಡಕ್ಕೆ ಬಾಗಿ, ಎರಡೂ ಕೈಯಿಂದ ಸ್ಟೇರಿಂಗನ್ನು ಸಣ್ಣಸ್ವಾಮಿಯವರ ಕೈಗಳ ಸಮೇತ ಹಿಡಿದು ಬಲಕ್ಕೆ ಜಗ್ಗಿದ. ಒಂದು ಕೈ ಬಿಟ್ಟು ಹ್ಯಾಂಡ್‌ಬ್ರೇಕು ಸೆಳೆದ. ಕಲ್ಲು ಉಜ್ಜಿದ ಸದ್ದು, ಮಣ್ಣು ಉದುರಿದ ಸದ್ದು. ಜೀಪು ರಸ್ತೆಯಂಚಿನ ಕಲ್ಲಿಗೆ ಹೊಟ್ಟೆ ಕೊಟ್ಟು ನಿಂತಿತು. ಮುಂದಿನ ಎಡಗಾಲಿ ಗಾಳಿಯಲ್ಲಿ ಮೆಲ್ಲಗೆ ತಿರುಗುತ್ತಿತ್ತು.

ಇಬ್ಬರೂ ಅಲುಗಾಡಲಿಲ್ಲ.

"ಸಾರ್, ನೀವು ಮೊದಲು ಇಳೀರಿ. ನಿಧಾನ. ನಾನು ಬ್ರೇಕು ಹಿಡ್ಕೊಂಡಿದ್ದೇನೆ."

ಸಣ್ಣಸ್ವಾಮಿ ಬಲಗಡೆಯಿಂದ ಜಾರಿ ಇಳಿದರು. ದೇರಪ್ಪ ಸೀಟಿನ ಮೇಲೆ ಹೊಟ್ಟೆ ಹಾಕಿ ತೆವಳಿ ಅದೇ ಕಡೆಯಿಂದ ಹೊರಬಂದ. ಕಲ್ಲು ಹುಡುಕಿ ತಂದು ಗಾಲಿಗಳಿಗೆ ಒಡ್ಡಿದ. ಸಣ್ಣಸ್ವಾಮಿ ಬರೆಯ ಬುಡದಲ್ಲಿ ಕೂತು ವಾಂತಿ ಮಾಡಿಕೊಂಡರು. ಅವರ ಟೋಪಿ ಎಲ್ಲೋ ಹೋಗಿತ್ತು. ಸೌದೆಯ ಹೆಂಗಸರಲ್ಲಿ ಹಿರಿಯಳು ಸೊಂಟಕ್ಕೆ ಕೈಕೊಟ್ಟು ಇಬ್ಬರನ್ನೂ ಬೈಯತೊಡಗಿದಳು. "ಎಂತ ಓಡ್ಸುದು ನೀವು? ಕಣ್ಣ್ ಕಾಂಬುದಿಲ್ಲೆನ? ನಮ್ಮ ಮಕ್ಕಳ್ನ ನೀವ್ ಸಾಕುವಿರಾ?" ಬೈಯುತ್ತ ಬೈಯುತ್ತಲೇ ಅವಳ ದನಿ ನಡುಗಿ, ಅಳುವಾಯಿತು. ಕಿರಿಯಳು ಅವಳ ಕೈಹಿಡಿದು ಕೂರಿಸಿದಳು.

ಸ್ವಲ್ಪ ಹೊತ್ತಾದ ಮೇಲೆ ಸಣ್ಣಸ್ವಾಮಿ ಬಾಯಿ ಒರೆಸಿಕೊಂಡು ಎದ್ದರು. ಟಾರ್ಚು ಹಿಡಿದು, ಬೇಡ ಸಾರ್ ಎಂದರೂ ಕೇಳದೆ, ಬಲಗಡೆಯಿಂದ ಜೀಪಿನ ಕೆಳಗೆ ನುಸುಳಿದರು. ಬಹಳ ಹೊತ್ತು ಅವರ ಬೂಟುಗಳು ಮಾತ್ರ ಕಾಣುತ್ತಿದ್ದವು.

"ದೇರಪ್ಪನವರೇ. ಇಲ್ಲಿ ಬನ್ನಿ."

ಅವನೂ ನುಸುಳಿದ. ಚಾಸಿಸ್ಸಿನ ಎಡಗಡೆಯ ಉದ್ದ ತೊಲೆ ಮುಂದಿನ ಸ್ಪ್ರಿಂಗು ಕೂರುವ ಜಾಗದ ಹಿಂದೆ ಬಾಯಿ ಬಿಟ್ಟಿತ್ತು. ಬೆರಳು ತೂರುವಷ್ಟು ಸೀಳು. ಸೀಳಿನ ಒಳಗೋಡೆ ಅರ್ಧದವರೆಗೆ ಕೆಂಪಗೆ ತುಕ್ಕು ಹಿಡಿದಿತ್ತು, ಉಳಿದರ್ಧ ಈಗಷ್ಟೇ ಹರಿದು ಬೆಳ್ಳಗೆ ಹೊಳೆಯುತ್ತಿತ್ತು.

"ಬೆಳಿಗ್ಗೆ ಇಲ್ಲೇ ಸುತ್ತಿಗೆ ಬಡಿದಿದ್ದೆ" ಎಂದರು ಸಣ್ಣಸ್ವಾಮಿ. "ಭಾರ ಇಲ್ಲದಾಗ ತುಟಿ ಮುಚ್ಚಿಕೊಂಡ ಹಾಗೆ ಕೂಡಿಕೊಂಡಿರುತ್ತೆ, ಮೇಲೆ ಬಣ್ಣ, ಗ್ರೀಸು. ಭಾರ ಬಿದ್ದು ಬ್ರೇಕು ಒತ್ತಿದಾಗ ತೆರೆದುಕೊಂಡು, ಆಕ್ಸಲು ಎಡಗಡೆ ಹಿಂದಕ್ಕೆ ಸರಿದು ಗಾಡಿ ಎಡಕ್ಕೆ ಎಳೆಯುತ್ತೆ. ನೀವು ಹೇಳಿದ್ದು ಸರಿ. ಮೊದಲ ಸಲ ನೋಡುವಾಗಲೇ ನಾನು ಇದನ್ನ ಕಾಣಬೇಕಾಗಿತ್ತು."

ದೇರಪ್ಪ ಆ ಸೀಳಿನೊಳಗೆ ಬೆರಳು ಇಟ್ಟ. ನಾನಲ್ಲ, ನನ್ನ ಕೈಯಲ್ಲ ಎಂಬ ಸಮಾಧಾನ ಒಂದು ಗಳಿಗೆ ಎದೆ ತುಂಬ ಹರಡಿತು. ಅದರ ಬೆನ್ನಿಗೇ ರಿಪೇರಿಯ ನಂತರ ಈ ಸೀಳಿನ ಮೇಲೆ ಕೂರಿಸಿಕೊಂಡು ಹೋದ ಜನ ಒಬ್ಬೊಬ್ಬರಾಗಿ ನೆನಪಾದರು. ಸಂಪಾಜೆಯ ಟೀಚರಮ್ಮ. ಕಂಕುಳಲ್ಲಿ ಕೋಳಿ ಇಟ್ಟುಕೊಂಡಿದ್ದ ಅಜ್ಜ. ಅವನು ಅಲ್ಲೇ, ಜೀಪಿನ ಕೆಳಗೆ, ಮೊಣಕೈ ಮೇಲೆ ಮುಖವಿಟ್ಟು ಅತ್ತ. ಸಣ್ಣಸ್ವಾಮಿ ಟಾರ್ಚು ಆರಿಸಿ ಸುಮ್ಮನೆ ಪಕ್ಕದಲ್ಲಿ ಮಲಗಿದ್ದರು.

ಮದೆನಾಡಿಗೆ ಹಿಂದಿರುಗಲು ಲಾರಿಯೊಂದು ನಿಂತಿತು. ಸಣ್ಣಸ್ವಾಮಿ ಹತ್ತಲಿಲ್ಲ. "ತಪ್ಪು ತಿಳೀಬೇಡಿ. ಇವತ್ತು ಯಾವ ಗಾಡಿಗೂ ಹತ್ತೋಕೆ ಧೈರ್ಯ ಇಲ್ಲ" ಎಂದು ನಾಚಿ ನಕ್ಕರು. ದೇರಪ್ಪನೂ ಲಾರಿ ಬಿಟ್ಟ. ಇಬ್ಬರೂ ಘಾಟಿಯನ್ನು ನಡೆದೇ ಹತ್ತಿದರು, ಬರೆಯ ಪಕ್ಕಕ್ಕೇ ಅಂಟಿಕೊಂಡು.

ಕಂಪೆನಿ ಅಷ್ಟಕ್ಕೇ ಬಗ್ಗಲಿಲ್ಲ. ಸೀಳು ಹೊಸದಿರಬಹುದು, ಭಾರ ಹಾಕಿ ಓಡಿಸಿದ್ದರಿಂದಲೇ ಆಗಿರಬಹುದು ಎಂದು ದೊಡ್ಡ ಕಚೇರಿಯಿಂದ ಪ್ರಶ್ನೆ ಬಂತು. ಅರ್ಧ ಭಾಗ ತುಕ್ಕು ಹಿಡಿದಿದೆ, ಅದು ಮಳೆಗಾಲದ ಅಪಘಾತದ್ದೇ, ಮೊದಲ ತಪಾಸಣೆಯಲ್ಲಿ ತಮ್ಮ ಕಣ್ಣಿಗೆ ಬಿದ್ದಿರಲಿಲ್ಲ ಎಂದು ಸಣ್ಣಸ್ವಾಮಿ ತಮ್ಮ ಹೆಸರಿಗೆ ಮಸಿ ಬಳಿದುಕೊಂಡು ಬರೆದರು. ಮತ್ತೆ ಕಾಯುವುದಾಯಿತು. ಕಾಫಿ ಹೂ ಬಿಟ್ಟು ಉದುರಿದ ಮೇಲೆ ಚಾಸಿಸ್ಸಿಗೆ ಒಪ್ಪಿಗೆ ಬಂತು, ಹಳೆಯ ಗಾಡಿಯೆಂದು ಒಂದಿಷ್ಟು ಮುರಿದುಕೊಂಡು. ದೇರಪ್ಪ ಕುಶಾಲಪ್ಪನವರ ಮೇಜಿನ ಮುಂದೆ ಕೂತು ಸಹಿ ಹಾಕಿದ. ಮುರಿದುಕೊಂಡದ್ದನ್ನು ಮೊಣ್ಣಪ್ಪ ತಾನೇ ಭರಿಸಿದ. ಬೇರೆ ಡ್ರೈವರನ ಮಾತನ್ನು ಮತ್ತೆ ಎತ್ತಲೂ ಇಲ್ಲ.

ಜೀಪು ಹೊಸ ಬೆನ್ನೆಲುಬಿನೊಂದಿಗೆ ಬಂದ ದಿನ ಯಮುನ ತಾನೂ ಬರುತ್ತೇನೆಂದು ಪಕ್ಕದಲ್ಲಿ ಹತ್ತಿ ಕೂತಳು. ಹಿಂದೆ ಸಂಪಾಜೆಗೆ ಹೋಗಬೇಕಾದ ಅಕ್ಕಿಮೂಟೆಗಳಿದ್ದವು. ಚಾಸಿಸ್ಸಿನೊಂದಿಗೆ ಹೆದರಿಕೆಯೂ ಬದಲಾಗಿ ಹೋಗಿರುತ್ತದೆ ಎಂದು ದೇರಪ್ಪ ನಂಬಿದ್ದ. ಘಾಟಿಯ ಎರಡನೆಯ ತಿರುವಿನಲ್ಲಿ ಬ್ರೇಕಿಗೆ ಕಾಲಿಟ್ಟಾಗ ಎಡತೋಳಿಗೆ ಕರೆ ಬಂತು.

ಗಾಡಿಯನ್ನು ಬರೆಯ ಪಕ್ಕ ನಿಲ್ಲಿಸಿದ. ಹಣೆಯ ಬೆವರು ಕಣ್ಣಿಗಿಳಿಯುತ್ತಿತ್ತು.

"ಎಳ್ದ ಹಂಗೆ ಆತ್" ಎಂದ.

"ನಂಗೆ ಎಂತದೂ ಗೊತ್ತಾತ್ಲೆ" ಎಂದಳು ಅವಳು. ಅವಳು ಸುಳ್ಳು ಹೇಳುವವಳಲ್ಲ.

ಅವನು ಇಳಿದು ಕೆಳಗೆ ಬಾಗಿ ನೋಡಿದ. ಹೊಸ ಕಬ್ಬಿಣ ಕಪ್ಪಗೆ, ಗಟ್ಟಿಯಾಗಿ, ಒಂದೇ ತುಂಡಾಗಿತ್ತು. ಕೈಯಿಂದ ಉದ್ದಕ್ಕೂ ಸವರಿ ನೋಡಿದ. ಮತ್ತೆ ಬಂದು ಕೂತ.

"ಹಂಗಾರೆ ಈ ಸಲ ನಾನೇ" ಎಂದ.

ಯಮುನ ರಸ್ತೆ ನೋಡುತ್ತಿದ್ದಳು. "ಹೆದ್ರಿಕೆ ಆದೆಯಾ?"

"ಆದೆ."

"ನಂಗೂ ಆದೆ. ಮೆಲ್ಲ ಬುಡಿ."

ಅವನು ಮೆಲ್ಲಗೆ ಬಿಟ್ಟ. ಹಿಂದಿನಿಂದ ಬಂದ ಬಸ್ಸು ಹಾರನ್ ಬಾರಿಸಿ ಬಾರಿಸಿ ಸಾಕಾಗಿ ದಾಟಿಕೊಂಡು ಹೋಯಿತು. ಪ್ರತಿ ತಿರುವಿನಲ್ಲೂ ಕೈ ಸೆಳೆಯಿತು. ಪ್ರತಿ ಸಲವೂ ಅವನು ಅದನ್ನು ತನ್ನ ಕೈಯೆಂದು ತಿಳಿದು ಹಿಡಿದ. ಸಂಪಾಜೆ ತಲುಪಿ ಅಕ್ಕಿಮೂಟೆ ಇಳಿಸುವಾಗ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಯಮುನ ಅಂಗಡಿಯಲ್ಲಿ ಬೆಲ್ಲ ಕೊಳ್ಳಲು ಹೋದಳು.

ಅವಳು ಬರುವಷ್ಟರಲ್ಲಿ ಜೀಪಿನ ಹಿಂದೆ ಜನ ಹತ್ತುತ್ತಿದ್ದರು. ಯಾರೂ ಏನೂ ಕೇಳಲಿಲ್ಲ. ಒಬ್ಬ ಹೆಂಗಸು ಎಲೆಯಡಿಕೆ ಚೀಲ ಬಿಚ್ಚಿದಳು. ಇನ್ನಿಬ್ಬರು ಮೆಣಸಿನ ಬೆಲೆಯ ಮಾತು ಶುರುಮಾಡಿದರು. ದೇರಪ್ಪ ತಿರುಗಿ ಒಬ್ಬೊಬ್ಬರ ಮುಖವನ್ನೂ ನೋಡಿದ.

"ಹೊರಡುವನಾ ದೇರಪ್ಪಣ್ಣ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಸ್ವಲ್ಪ ನಿಧಾನ ಹೋಗ್ತೇನೆ, ಆಗಬಹುದಾ?" ಎಂದ ಅವನು.

"ಹೋಗಿ. ನಮಗೆಂಥ ಅವಸರ."

ಯಮುನ ಬೆಲ್ಲದ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಳು. ದೇರಪ್ಪ ಅಂಗೈಗಳನ್ನು ಪಂಚೆಗೆ ಒರೆಸಿಕೊಂಡು ಎಂಜಿನ್ ಚಾಲೂ ಮಾಡಿದ.